ಬೆಂಗಳೂರು ಪೇಟೆ: ಬ್ರಿಟಿಷ್ ಚಿತ್ರಗಳು ಮತ್ತು ಹರಾಜು

ಅವೆನ್ಯೂ ರಸ್ತೆಯ ಹಳೆಯ ಹೆಸರು ದೊಡ್ಡಪೇಟೆ. ಆ ರಸ್ತೆ ಇರುವ ಬೆಂಗಳೂರು ಪೇಟೆ ಮತ್ತು ಅದರ ಪಕ್ಕದ ಕೋಟೆ ಬ್ರಿಟಿಷ್ ಚಿತ್ರಕಾರರ ವಸ್ತುವಾದದ್ದು ಮೂರನೆಯ ಮೈಸೂರು ಯುದ್ಧದಲ್ಲಿ. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ 1791ರ ಮಾರ್ಚ್ 7ರಂದು ಪೇಟೆಯನ್ನೂ ಅದೇ ತಿಂಗಳ 21ರಂದು ಕೋಟೆಯನ್ನೂ ಹಿಡಿಯಿತು. ಆ ಯುದ್ಧದಿಂದ ಹುಟ್ಟಿದ ಚಿತ್ರಗಳು ಇಂದಿಗೂ ಹರಾಜಿಗೆ ಬರುತ್ತವೆ.

ಚಿತ್ರಕಾರರು

ರಾಬರ್ಟ್ ಹೋಮ್ (1752–1834) ಸೇನೆಯ ಜೊತೆಗಿದ್ದ ವೃತ್ತಿನಿರತ ಕಲಾವಿದ. ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಮಡಿದ ಘಟನೆಯ ಅವನ ತೈಲಚಿತ್ರ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಅದು ಸೇನಾಧಿಕಾರಿಗಳ ಕೀರ್ತಿಗಾಗಿ ಬರೆದ ಚಿತ್ರ. ಪೇಟೆ ಅಲ್ಲಿ ಬರಿಯ ಹಿನ್ನೆಲೆ. ಬೆಂಗಳೂರಿನ ಓದುಗನಿಗೆ ಹೆಚ್ಚು ಬೆಲೆಯುಳ್ಳವನು ಫಿರಂಗಿದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್. ಅರಮನೆಗೆ ಹೋಗುವ ಬೀದಿ, ದೆಹಲಿ ಬಾಗಿಲು, ಸೈಪ್ರೆಸ್ ತೋಟದೊಡನೆ ಊರಿನ ಪೂರ್ವ ದಿಕ್ಕಿನ ನೋಟ ಅವನ ಕೈಯವು. ಆ ತೋಟವನ್ನು ಲಾಲ್‌ಬಾಗ್ ಎಂದು ಗುರುತಿಸುವುದುಂಟು. ಅಲೆಕ್ಸಾಂಡರ್ ಅಲನ್, ಕೋಲ್‌ಬ್ರೂಕ್ ಕೂಡ ಮೈಸೂರು ಸೀಮೆಯ ನೋಟಗಳನ್ನು ಬರೆದ ಅಧಿಕಾರಿಗಳು.

ಅಚ್ಚಿನ ಹಾಳೆಗಳು

ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳನ್ನು ಲಂಡನ್ನಿನ ಎಡ್ವರ್ಡ್ ಓರ್ಮ್ ಅಚ್ಚು ಹಾಕಿ 1805ರ ಹೊತ್ತಿಗೆ ಹೊರತಂದ. ಹಾಗಾಗಿ ನಮ್ಮ ಕೈಗೆ ಬರುವ ಹಾಳೆಯಲ್ಲಿ ಚಿತ್ರಕಾರನಷ್ಟೇ ಕೆತ್ತನೆಗಾರನ ಕೈವಾಡವೂ ಇದೆ. ಕಟ್ಟಡದ ಅಳತೆಗೆ ಅದನ್ನೇ ಪ್ರಮಾಣವೆನ್ನುವುದು ಅವಸರ. ಇವು ಅಕ್ವಾಟಿಂಟ್ ಕ್ರಮದವು: ತಾಮ್ರದ ತಗಡಿನ ಮೇಲೆ ರಾಳದ ನುಣ್ಪುಡಿ ಹರಡಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಾರೆ. ಪುಡಿಯ ಸಂದುಗಳಲ್ಲಿ ಆಮ್ಲ ತಾಮ್ರವನ್ನು ತಿನ್ನುತ್ತದೆ. ಬಿಳಿಯಾಗಿ ಉಳಿಯಬೇಕಾದ ಕಡೆ ಮೊದಲೇ ವಾರ್ನಿಶ್ ಬಳಿದು, ಉಳಿದದ್ದನ್ನು ಮತ್ತೆ ಮತ್ತೆ ಅದ್ದಿದಂತೆ ನೆರಳು ದಟ್ಟವಾಗುತ್ತದೆ. ಅಚ್ಚಾದ ಹಾಳೆಗೆ ಆಮೇಲೆ ಕೈಯಿಂದ ಬಣ್ಣ ತುಂಬುವುದೂ ಸಾಮಾನ್ಯ. ಮಸೂರ ಹಿಡಿದರೆ ಅಕ್ವಾಟಿಂಟಿನಲ್ಲಿ ಸೊಟ್ಟಪಟ್ಟ ಜಾಲದಂಥ ಕಣ ಕಾಣುತ್ತದೆ, ಇತ್ತೀಚಿನ ಆಫ್‌ಸೆಟ್ ಪ್ರತಿಯಲ್ಲಿ ಸಾಲಾದ ಚುಕ್ಕೆಗಳು. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರಬೇಕು. ಕಟ್ಟು ಹಾಕಿಸುವಾಗ ಅಂಚು ಕತ್ತರಿಸಿದ್ದರೆ ಆ ತಗ್ಗಿನ ಜೊತೆ ಪ್ರಕಾಶಕನ ಹೆಸರು, ತೇದಿಯ ಸಾಲೂ ಹೋಗಿರುತ್ತದೆ, ಬೆಲೆ ಇಳಿಯುತ್ತದೆ. ಕಾಗದದ ನೀರುಗುರುತಿನ ಇಸವಿ ಅಚ್ಚಿನ ತೇದಿಗಿಂತ ಈಚಿನದಾದರೆ ಅದು ಮರುಮುದ್ರಣ. ಇಂಥ ಹಾಳೆಗಳಿರುವ ಇಡೀ ಪುಸ್ತಕ ಬಿಚ್ಚಿ ಬಿಡಿಹಾಳೆ ಮಾರುವ ರೂಢಿ ಈ ವ್ಯಾಪಾರದ ದೊಡ್ಡ ಕೇಡು.

ಹರಾಜು

ಕ್ಯಾಟಲಾಗಿನಲ್ಲಿ ಕಲಾವಿದನ ಹೆಸರಷ್ಟೇ ಇದ್ದರೆ ಚಿತ್ರ ಅವನದೇ ಎಂಬ ಅಭಿಪ್ರಾಯ. ‘ಅವನದೆನ್ನಲಾದ’, ‘ಅವನ ಬಳಗದ’, ‘ಅವನ ಚಿತ್ರದ ನಕಲು’ ಎನ್ನುತ್ತ ಹೋದಂತೆ ಭರವಸೆ ತಗ್ಗುತ್ತದೆ. ಕೂಗಿದ ಬೆಲೆಯ ಮೇಲೆ ಕೊಳ್ಳುವವನು ಹರಾಜು ಮನೆಯ ಕಮಿಷನ್ನನ್ನೂ ತೆರಬೇಕು.

ಮೈಸೂರಿಗೆ ಸಂಬಂಧಿಸಿದ ಮುಖ್ಯ ಪ್ರಕರಣ ಡಬ್ಲಿನ್ ಮೂಲದ ಚಿತ್ರಕಾರ ಥಾಮಸ್ ಹಿಕಿಯದು. 1805ರ ಸುಮಾರಿಗೆ ಅವನು ಬರೆದನೆನ್ನಲಾದ ಮೂವರು ಸ್ತ್ರೀಯರ ಚಿತ್ರ 2007ರಲ್ಲಿ ಸದಬೀಸ್ ಹರಾಜು ಮನೆಯಲ್ಲಿ ಮಾರಾಟಕ್ಕೆ ಬಂದಿತ್ತು. ಅವರನ್ನು ಹಿಂದೆ ನರ್ತಕಿಯರೆಂದು ತಿಳಿಯಲಾಗಿತ್ತು. ಇವರು ಒಡೆಯರ ಮನೆತನದವರು, ಬಲಗಡೆಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ಪತ್ನಿ ದೇವಾಜಮ್ಮಣ್ಣಿ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದ. ಆಕೆ ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು. ವಾದ ಒಪ್ಪತಕ್ಕದ್ದೇ, ಆದರೆ ಊಹೆಯ ಪಾಲೂ ಅದರಲ್ಲಿದೆ.

ಭಾರತದಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಚಿತ್ರವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ದೇಶದೊಳಗೆ ಪರವಾನಗಿ ಪಡೆದ ವ್ಯಾಪಾರಿಗಳು ಮಾರಬಹುದು.