ಕೆಂಗೇರಿ ಸ್ಟೇಷನ್ನಿನ ಮಣ್ಣು

ವಿಜಯನಗರದಿಂದ ಬಸ್ಸಿನಲ್ಲಿ ಕೆಂಗೇರಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು ರಾಮನಗರದ ಕಡೆಯ ಶಾಲೆಯೊಂದಕ್ಕೆ ಪಾಠ ಹೇಳಲು ಹೋಗುತ್ತಿದ್ದ ದಿನಗಳಲ್ಲಿ ನಾನು ಆ ಸ್ಟೇಷನ್ನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಕೈಯಲ್ಲಿ ಡಬ್ಬಿ, ಬಗಲಲ್ಲಿ ತಿದ್ದಬೇಕಾದ ನೋಟ್‌ಪುಸ್ತಕ, ಗಾಡಿ ತಪ್ಪೀತೆಂಬ ದಿಗಿಲು. ಇನ್ನು ಗೋಡೆ, ಹಂಚು ನೋಡಲು ಪುರುಸೊತ್ತೆಲ್ಲಿ?

ಆಗ ಒಂದೇ ಹಳಿಯ ದಾರಿ. ಎದುರುಬದುರು ಬರುವ ಗಾಡಿಗಳಲ್ಲಿ ಒಂದು ಪಕ್ಕದ ಹಳಿಗೆ ಸರಿದು ಕಾಯಬೇಕು. ಸ್ಟೇಷನ್ ಮಾಸ್ತರರು ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ ಇಟ್ಟು ಡ್ರೈವರಿಗೆ ಕೊಟ್ಟರಷ್ಟೇ ಗಾಡಿಗೆ ಮುಂದಿನ ದಾರಿ. ನಾವು ಹೆಂಗಸರು ಆ ಕಾಯುವ ಹೊತ್ತಿನಲ್ಲೇ ಅವರೆಕಾಯಿ ಬಿಡಿಸಿದ್ದುಂಟು.

ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು, “ಮಿಸ್, ಈ ರೈಲುದಾರಿ ಮಾಡಿದ್ದು ಯಾರು?” ಎಂದಳು. “ಮೈಸೂರು ಸರ್ಕಾರ” ಎಂದೆ. “ಮಣ್ಣು ಹೊತ್ತಿದ್ದು ಯಾರು?” ಎಂದಳು. ಬಿ.ಎಡ್. ಓದಿದ ನನಗೆ ಉತ್ತರ ಬರಲಿಲ್ಲ.

ಹುಡುಕಿ ಓದಿದಾಗ ತಿಳಿದದ್ದು ನಮ್ಮಜ್ಜಿಯ ಬಾಯಲ್ಲಿ ಆಗಲೇ ಇತ್ತು. ಊಟದಲ್ಲಿ ಅನ್ನ ಬಿಟ್ಟರೆ ಅಜ್ಜಿ, “ಧಾತು ಈಶ್ವರದ ಬರದಲ್ಲಿ ಇದೂ ಇರಲಿಲ್ಲ” ಎನ್ನುತ್ತಿದ್ದಳು. ಆಕೆ ಅದನ್ನು ತನ್ನ ತಾಯಿಯಿಂದ ಕೇಳಿದ್ದಳು. ಧಾತು, ಈಶ್ವರ ಸಂವತ್ಸರಗಳೆಂದರೆ 1876ರಿಂದ 78ರವರೆಗಿನ ಮಹಾ ಕ್ಷಾಮ. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಹಸಿದವರಿಗೆ ಕೆಲಸ ಕೊಡಲೆಂದು ಬೆಂಗಳೂರು-ಮೈಸೂರು ರೈಲುದಾರಿಗೆ ಮಣ್ಣು ಏರಿಸುವ ಕಾಮಗಾರಿಯನ್ನು ಹಿಡಿದರು. ಇಂಥ ಕಾಮಗಾರಿಗಳಲ್ಲಿ ಗಂಡಸರು ಅಗೆದರೆ ಹೆಂಗಸರು, ಮಕ್ಕಳು ಪುಟ್ಟಿ ಹೊರುತ್ತಿದ್ದರು. ಕೂಲಿಯಲ್ಲೂ ಹೆಂಗಸಿಗೆ ಕಡಿಮೆ. ಅದೊಂದು ಬದಲಾಗಲು ಎಷ್ಟು ಕಾಲ ಬೇಕಾಯಿತೋ!

ಖರ್ಚು ಕಡಿಮೆಯಾಗಲೆಂದು ಮೀಟರ್ ಗೇಜ್ ಹಳಿ ಹಾಕಿದರು. 1881ರಲ್ಲಿ ಬೆಂಗಳೂರಿನಿಂದ ಗಾಡಿ ಹೊರಟಿತು, 1882ರಲ್ಲಿ ಮೈಸೂರು ಮುಟ್ಟಿತು. ದಾರಿಯಲ್ಲಿ ಕ್ಲೋಸ್‌ಪೇಟೆ, ಫ್ರೆಂಚ್ ರಾಕ್ಸ್ ಎಂಬ ಹೆಸರುಗಳು. ಅವು ಈಗ ರಾಮನಗರ, ಪಾಂಡವಪುರ. ಹೆಸರು ತಿದ್ದುವುದು ಸುಲಭ. ತೊಂಬತ್ತರ ದಶಕದಲ್ಲಿ ಹಳಿ ಅಗಲವಾಯಿತು, ಆಮೇಲೆ ಜೋಡಿಯೂ ಆಯಿತು.

ಆ ಜೋಡಿ ಹಳಿಗಾಗಿ ಶ್ರೀರಂಗಪಟ್ಟಣ ಸ್ಟೇಷನ್ನಿನ ಬಳಿ ಟಿಪ್ಪುವಿನ ಮದ್ದಿನ ಮನೆಯೊಂದು ಅಡ್ಡವಾಗಿತ್ತು. 2017ರಲ್ಲಿ ಆ ಇಟ್ಟಿಗೆ-ಗಾರೆಯ ಕಟ್ಟಡವನ್ನು ಬುಡಸಮೇತ ಎತ್ತಿ ಸುಮಾರು 130 ಮೀಟರ್ ದೂರಕ್ಕೆ ಸರಿಸಿದರು. ಒಳ್ಳೆಯ ಕೆಲಸ, ನಾನೂ ಮೆಚ್ಚಿದೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಗಾಡಿಯನ್ನು ಜೋಪಾನ ಮಾಡಿದ್ದಾರೆ. ಹೋದಾಗಲೆಲ್ಲ ಅದರ ಅಡುಗೆಮನೆಗೆ ಇಣುಕುತ್ತೇನೆ. ಆದರೆ ಅಲ್ಲಿ ಹುಡುಕಿದರೂ ಪುಟ್ಟಿ ಹೊತ್ತವಳ ಗುರುತು ನನಗೆ ಕಾಣಲಿಲ್ಲ.

2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂದಾಗ ಆ ಹಳೆಯ ವಿದ್ಯಾರ್ಥಿನಿ ಮಗಳೊಂದಿಗೆ ಸಿಕ್ಕಿದಳು. ಮೂವರೂ ಹಳೆಯ ಸ್ಟೇಷನ್ನಿಗೆ ನಡೆದೆವು. “ಉತ್ತರ ಸಿಕ್ಕಿತಾ ಮಿಸ್?” ಎಂದಳು. ಹಳಿಯ ಕೆಳಗಿನ ಏರಿ ತೋರಿಸಿ ಅಜ್ಜಿಯ ಮಾತು ಹೇಳಿದೆ. ಮಗು ಬಗ್ಗಿ ನೋಡುವಷ್ಟರಲ್ಲಿ ಮೈಸೂರು ಗಾಡಿ ಬಂತು.