ತಕ್ಕಡಿ ಹಿಡಿದವರು ಯಾರು?

2019ರ ಆಗಸ್ಟ್‌. ಮೈಕ್ ಹಿಡ್ಕೊಂಡು ನಿಪ್ಪಾಣಿ ತಾಲ್ಲೂಕಿನ ಭೋಜದಲ್ಲಿ ನಿಂತಿದ್ದೆ. ವೇದಗಂಗಾ, ದೂಧಗಂಗಾ ಕೂಡುವ ಜಾಗ. ಕಬ್ಬಿನ ಗದ್ದೆ ಎಲ್ಲಿ ಮುಗಿಯಿತು, ನದಿ ಎಲ್ಲಿ ಶುರುವಾಯಿತು ಅನ್ನೋದೇ ಕಾಣ್ತಿರಲಿಲ್ಲ. ಒಬ್ಬ ಅಜ್ಜ ಕೇಳಿದರು: "ತಮ್ಮಾ, ನೀರ ಮಹಾರಾಷ್ಟ್ರದ್ದು, ಮನಿ ಕರ್ನಾಟಕದಾಗ, ರೊಕ್ಕ ದಿಲ್ಲಿಯಾಗ. ನಾವ್ ಯಾರ್ನ ಕೇಳೂನು?" ಲೈವ್‌ನಲ್ಲಿ ನನ್ನ ಬಾಯಿ ಕಟ್ಟಿತು.

ಈ ಪ್ರಶ್ನೆ ಹೊಸದಲ್ಲ ವೀಕ್ಷಕರೇ. ರಿಚರ್ಡ್ ಟೆಂಪಲ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ ಇದ್ದ. 1874ರಲ್ಲಿ ಬಿಹಾರಕ್ಕೆ ಬರ ಬಂದಾಗ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿದ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಸಿಕ್ಕಿದ್ದು ಶಹಬ್ಬಾಸ್‌ಗಿರಿ ಅಲ್ಲ, ದುಂದುಗಾರ ಅನ್ನೋ ಬೈಗುಳ! 1876ರಲ್ಲಿ ಬರ ನಮ್ಮ ಕಡೆ ತಿರುಗಿತು. ಆಗ ಬೆಳಗಾವಿ, ಕಲಾದಗಿ, ಧಾರವಾಡ ಎಲ್ಲಾ ಮುಂಬೈ ಪ್ರಾಂತ್ಯದಲ್ಲಿದ್ದವು. 1877ರ ಜನವರಿ 1ಕ್ಕೆ ವೈಸ್‌ರಾಯ್ ಲಿಟ್ಟನ್ ದಿಲ್ಲಿಯಲ್ಲಿ ವೈಭವದ ದರ್ಬಾರು ನಡೆಸಿದ. ಅದೇ ತಿಂಗಳು ಖರ್ಚು ಹಿಡಿತಕ್ಕೆ ತರೋಕೆ ಟೆಂಪಲ್‌ನನ್ನು ದಕ್ಷಿಣಕ್ಕೆ ಅಟ್ಟಿದ. ಈ ಸಲ ಟೆಂಪಲ್ ಪಾಠ ಕಲಿತಿದ್ದ. ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಪುಡಿಗಾಸು. ಅಂದ್ರೆ ಅರ್ಧ ಕೆಜಿಯೂ ಇಲ್ಲ. ಇಷ್ಟರಲ್ಲಿ ಆಳು ಬದುಕಲ್ಲ ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಹಟ ಹಿಡಿದರು. ಮುಂಬೈ ಪ್ರಾಂತ್ಯದಲ್ಲಿ ಸಾವಿರಾರು ಜನ ಕೆಲಸಾನೇ ಬಿಟ್ಟು ಕೂತರು. ಪುಣೆಯ ಸಾರ್ವಜನಿಕ ಸಭಾ ಅವರ ಬೆನ್ನಿಗೆ ನಿಂತಿತು. ಟೆಂಪಲ್‌ಗೇನಾಯ್ತು? ಅದೇ ವರ್ಷ ಮುಂಬೈ ಗವರ್ನರ್ ಆದ.

ಇಂಜಿನಿಯರಿಂಗ್ ಓದಿದವನು ನಾನು. ಅಳೆಯುವ ಉಪಕರಣ ಬಿಲ್ ಕಟ್ಟುವವನ ಕೈಲಿದ್ದರೆ ರೀಡಿಂಗ್ ನಂಬಬೇಡಿ ಅಂತ ಹೇಳಿಕೊಟ್ಟಿದ್ದರು.

ಈಗ ನಮ್ಮ ಕಾಲಕ್ಕೆ ಬನ್ನಿ. 2019ರ ಪ್ರವಾಹಕ್ಕೆ ರಾಜ್ಯ ಹೇಳಿದ ನಷ್ಟ 35 ಸಾವಿರ ಕೋಟಿಗೂ ಮೇಲೆ. ಅಕ್ಟೋಬರ್‌ನಲ್ಲಿ ಕೇಂದ್ರ ಮೊದಲು ಕೊಟ್ಟಿದ್ದು 1,200 ಕೋಟಿ. ಪೂರ್ತಿ ಬಿದ್ದ ಮನೆಗೆ ಕೇಂದ್ರದ ಮಾರ್ಗಸೂಚಿಯಲ್ಲಿ 95,100 ರೂಪಾಯಿ, ರಾಜ್ಯ ಘೋಷಿಸಿದ್ದು 5 ಲಕ್ಷ. ಬಿದ್ದ ಗೋಡೆ ಒಂದೇ, ಬೆಲೆ ಎರಡು! ಆಗ ಎರಡೂ ಕಡೆ ಒಂದೇ ಪಕ್ಷ, ನೆನಪಿರಲಿ. 2023ರಲ್ಲಿ ಬೇರೆ ಬೇರೆ ಪಕ್ಷ. 223 ತಾಲ್ಲೂಕುಗಳಲ್ಲಿ ಬರ, ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಕಾದು ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಮಂಜೂರಾಗಿದ್ದು ಸುಮಾರು 3,454 ಕೋಟಿ. ಕೇಂದ್ರದ ವಾದವೂ ಇದೆ: ಈ ನಿಧಿ ತಕ್ಷಣದ ಪರಿಹಾರಕ್ಕೆ, ನಷ್ಟ ತುಂಬಿಕೊಡೋಕಲ್ಲ. ಒಪ್ಪೋಣ. ತಕ್ಷಣ ಅಂದ್ರೆ ಎಷ್ಟು ತಿಂಗಳು ಸ್ವಾಮಿ?

ರಾಜ್ಯದ ವಿಪತ್ತು ನಿಧಿಯ ಪಾಲನ್ನು ಹಣಕಾಸು ಆಯೋಗ ಸೂತ್ರ ಹಾಕಿ ಹೇಳುತ್ತದೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಗೃಹ ಸಚಿವರ ಅಧ್ಯಕ್ಷತೆಯ ಸಮಿತಿ ತೂಗಬೇಕು. ತೂಗುವವರೂ ಅವರೇ, ಕೊಡುವವರೂ ಅವರೇ. ಅಜ್ಜನ ಪ್ರಶ್ನೆ ಸಿಕ್ಕಿಕೊಂಡಿರೋದು ಇಲ್ಲೇ. ಪಕ್ಷ ಬದಲಾದರೆ ಬಿಡಿಸಿಕೊಳ್ಳುತ್ತೆ ಅಂತ ನನಗನಿಸಲ್ಲ.

ಸಾರ್ವಜನಿಕ ಸಭಾದವರು ಹಳ್ಳಿಗಳಿಂದ ತಮ್ಮದೇ ವರದಿ ತರಿಸಿ ಸರ್ಕಾರದ ಮುಂದಿಟ್ಟಿದ್ದರು. ಭೋಜದ ದೃಶ್ಯಗಳು ನಮ್ಮ ಹತ್ತಿರವೂ ಇದ್ದವು. ಎರಡು ದಿನ ಓಡಿಸಿದೆವು. ಮೂರನೇ ದಿನ ಸಂಪುಟ ವಿಸ್ತರಣೆಯ ಸುದ್ದಿ ಬಂತು.