ಗೋವಾ ಪುಡಿ: ಒಂದು ಲೇಪದ್ರವ್ಯದ ಮೂಲಶೋಧನೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮುಂಬಯಿಯ ಔಷಧದ ಅಂಗಡಿಗಳಲ್ಲಿ 'ಗೋವಾ ಪುಡಿ' ಎಂಬ ಹೆಸರಿನ ಒಂದು ದ್ರವ್ಯವು ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದಿತು. ಹೊಸದಾಗಿದ್ದಾಗ ತಿಳಿಹಳದಿಯಾಗಿದ್ದು, ಗಾಳಿ ತಾಗಿದಂತೆ ಕಂದುಬಣ್ಣಕ್ಕೆ ತಿರುಗುವ ಈ ಪುಡಿಯನ್ನು ನಿಂಬೆಯ ರಸದಲ್ಲಿಯೋ ಹುಳಿಕಾಡಿಯಲ್ಲಿಯೋ ಕಲಸಿ ಹುಳುಕಡ್ಡಿಗೆ ಹಚ್ಚುತ್ತಿದ್ದರು. ಹುಳುಕಡ್ಡಿಯೆಂದು ಕರೆದರೂ ಅದಕ್ಕೆ ಹುಳು ಕಾರಣವಲ್ಲ; ಚರ್ಮದ ಮೇಲೆ ಪರೋಪಜೀವಿಯಾಗಿ ಬೆಳೆಯುವ ಶಿಲೀಂಧ್ರವೇ ಕಾರಣವೆಂಬುದು 1840ರ ಆಸುಪಾಸಿನಲ್ಲಿ ಯುರೋಪಿನ ವಿದ್ವಾಂಸರಿಗೆ ತಿಳಿದುಬಂದಿತು. ಆದರೆ ಪುಡಿಯನ್ನು ಮಾರುತ್ತಿದ್ದವರಿಗಾಗಲಿ ಹಚ್ಚಿಕೊಳ್ಳುತ್ತಿದ್ದವರಿಗಾಗಲಿ ಅದರ ಮೂಲದ ಅರಿವಿರಲಿಲ್ಲ. ಕಲ್ಲುಹೂವಿನ ಜಾತಿಯ ಯಾವುದೋ ಸಸ್ಯದಿಂದ ಬಂದುದಾಗಿರಬೇಕೆಂಬ ಊಹೆಯೂ ಕೆಲವರಲ್ಲಿದ್ದಿತು.

ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೋಸೆಫ್ ಫೇರರ್ ಅವರು 1874ರಲ್ಲಿ ಇಂಗ್ಲೆಂಡಿನ ಒಂದು ವೈದ್ಯಪತ್ರಿಕೆಯಲ್ಲಿ ಈ ಪುಡಿಯ ಗುಣವನ್ನು ಕುರಿತು ಬರೆದರು. ಆ ಲೇಖನವು ಬ್ರೆಜಿಲಿನ ಬಹಿಯಾ ನಗರದ ವೈದ್ಯ ಸಿಲ್ವಾ ಲಿಮಾ ಅವರ ಕಣ್ಣಿಗೆ ಬಿದ್ದುದೇ ಈ ಕಥೆಯ ತಿರುವು. ವರ್ಣನೆಯನ್ನು ಓದಿದೊಡನೆ ಅವರಿಗೆ ಅದು ತಮ್ಮೂರಿನಲ್ಲಿ 'ಬಹಿಯಾ ಪುಡಿ' ಅಥವಾ 'ಅರರೋಬಾ' ಎಂದು ಕರೆಯಲ್ಪಡುವ ವಸ್ತುವೆಂದು ಹೊಳೆಯಿತು. ಅಲ್ಲಿಯ ಕಾಡುಗಳ ಒಂದು ದೊಡ್ಡ ಮರವನ್ನು ಕಡಿದು ಸೀಳಿ, ಅದರ ಕಾಂಡದ ಬಿರುಕುಗಳಲ್ಲಿ ಶೇಖರವಾದುದನ್ನು ಕೆರೆದು ತೆಗೆಯುತ್ತಿದ್ದರು. ಹಾಗೆ ಕೆರೆಯುವ ಕೂಲಿಯಾಳುಗಳ ಕಣ್ಣು ಮುಖಗಳು ಅದರ ಧೂಳಿನಿಂದ ಉರಿದು ಊದಿಕೊಳ್ಳುತ್ತಿದ್ದುವು.

ಬಹಿಯಾದ ಮರದ ಪುಡಿಯು ಗೋವೆಗೆ ಬಂದುದು ಹೇಗೆ? ಎರಡೂ ಪೋರ್ಚುಗೀಸರ ಅಧೀನದಲ್ಲಿದ್ದ ಬಂದರುಗಳು. ಬಹಿಯಾದ ಹೊಗೆಸೊಪ್ಪು ಗೋವೆಗೆ ಬರುತ್ತಿದ್ದಿತೆಂಬುದು ವ್ಯಾಪಾರದ ಇತಿಹಾಸವನ್ನು ಬಲ್ಲವರಿಗೆ ಹೊಸದಲ್ಲ. ಪುಡಿಯೂ ಅದೇ ಸಾಮ್ರಾಜ್ಯದ ಜಲಮಾರ್ಗಗಳನ್ನು ಹಿಡಿದಿರಬೇಕು. ಗೋವೆಯಿಂದ ಮುಂಬಯಿಗೆ ಬರುವಷ್ಟರಲ್ಲಿ ಅದರ ಮೊದಲ ಹೆಸರು ಅಳಿದು, ಕೊನೆಯ ಬಂದರಿನ ಹೆಸರು ಅಂಟಿಕೊಂಡಿತು. ನಮ್ಮ ಹಳ್ಳಿಗರು ಈ ವಿಷಯದಲ್ಲಿ ವರ್ತಕರಿಗಿಂತ ಪ್ರಾಮಾಣಿಕರೆನ್ನಬೇಕು: ಹೊರಗಿನಿಂದ ಬಂದ ಹಣ್ಣನ್ನು ಪರಂಗಿಹಣ್ಣೆಂದೇ ಕರೆದರು. ಹುಳುಕಡ್ಡಿಗೆ ಎಲೆಯನ್ನರೆದು ಹಚ್ಚುವ ಇನ್ನೊಂದು ಅಮೆರಿಕೆಯ ಗಿಡಕ್ಕೆ ಸೀಮೆ ಅಗಸೆಯೆಂಬ ಹೆಸರಿಟ್ಟು, ಅದು ಈ ನೆಲದ್ದಲ್ಲವೆಂಬ ಸಾಕ್ಷ್ಯವನ್ನು ಮಾತಿನಲ್ಲಿಯೇ ಉಳಿಸಿದರು. 'ನಾಟಿ ಮದ್ದು' ಎಂಬ ಪದವನ್ನು ಸಲೀಸಾಗಿ ಬಳಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸತಕ್ಕದ್ದು.

ಹಾಗೆಂದು ಈ ದೇಶದಲ್ಲಿ ಇಂತಹ ಲೇಪಗಳೇ ಇರಲಿಲ್ಲವೆಂದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಮೂರನೆಯ ಅಧ್ಯಾಯವು ಚರ್ಮರೋಗಗಳ ಲೇಪಗಳನ್ನು ವಿವರಿಸುತ್ತಿದ್ದು, ಅಲ್ಲಿ ಕಕ್ಕೆ, ತಗಚೆ, ಹೊಂಗೆಗಳು ಒಟ್ಟಿಗೆ ಬರುತ್ತವೆ. ಸಂಸ್ಕೃತದಲ್ಲಿ ತಗಚೆಗೆ 'ದದ್ರುಘ್ನ', ಎಂದರೆ ಗಜಕರ್ಣವನ್ನು ಕೊಲ್ಲುವುದು, ಎಂಬ ಹೆಸರೇ ಇದೆ. ತಗಚೆ, ಸೀಮೆ ಅಗಸೆ, ಬಹಿಯಾದ ಪುಡಿ ಈ ಮೂರರಲ್ಲಿಯೂ ಇರುವ ಸತ್ತ್ವಗಳು ರಸಾಯನಶಾಸ್ತ್ರದ ದೃಷ್ಟಿಯಿಂದ ಒಂದೇ ಕುಲದವು. ಸಾಗರಗಳಿಂದ ಬೇರ್ಪಟ್ಟ ಜನರು, ಪರಸ್ಪರ ತಿಳಿಯದೆಯೇ, ಒಂದೇ ಬಗೆಯ ಸತ್ತ್ವವುಳ್ಳ ಗಿಡಮರಗಳನ್ನು ಆರಿಸಿಕೊಂಡರೆಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಮುಂದಿನ ಕಥೆಯು ಯುರೋಪಿನದು. 1875ರಲ್ಲಿ ಲಂಡನ್ನಿನ ರಸಾಯನಜ್ಞ ಆಟ್‌ಫೀಲ್ಡ್ ಅವರು ಪುಡಿಯಲ್ಲಿರುವುದು ಕ್ರೈಸೊಫ್ಯಾನಿಕ್ ಆಮ್ಲವೆಂದರು; 1878ರಲ್ಲಿ ಲೀಬರ್‌ಮನ್ ಮತ್ತು ಸೈಡ್ಲರ್ ಎಂಬ ಜರ್ಮನರು ಅದು ಸರಿಯಲ್ಲವೆಂದು ತೋರಿಸಿ, ಮುಖ್ಯ ಸತ್ತ್ವಕ್ಕೆ ಕ್ರೈಸರೋಬಿನ್ ಎಂದು ಹೆಸರಿಟ್ಟರು. ಈ ನಡುವೆ ಲಂಡನ್ನಿನ ಚರ್ಮವೈದ್ಯ ಬಾಲ್ಮ್ಯಾನೋ ಸ್ಕ್ವೈರ್ ಅವರು ಹುಳುಕಡ್ಡಿಯ ಈ ಮದ್ದು ಸೋರಿಯಾಸಿಸ್ ಎಂಬ ಬೇರೊಂದು ವ್ಯಾಧಿಗೂ ಫಲಕಾರಿಯೆಂದು ಕಂಡುಕೊಂಡಿದ್ದರು. ಬಟ್ಟೆಗೆ ಬಿಡದ ಕಲೆ, ಚರ್ಮಕ್ಕೆ ಉರಿ, ಕಣ್ಣಿಗೆ ತಾಗಿದರೆ ತೀವ್ರ ಉರಿಯೂತ: ಇಷ್ಟು ದೋಷಗಳಿದ್ದರೂ ಬೇಡಿಕೆಯು ತಗ್ಗಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬ್ರೆಜಿಲಿನ ಸರಕು ಜರ್ಮನಿಗೆ ದೊರೆಯದಂತಾದಾಗ ಅಲ್ಲಿಯ ರಸಾಯನಜ್ಞರು ಅದಕ್ಕೆ ಬದಲಾಗಿ ಡಿತ್ರನಾಲ್ ಎಂಬ ಕೃತಕ ದ್ರವ್ಯವನ್ನು ತಯಾರಿಸಿದರು. 1916ರಲ್ಲಿ ಗ್ಯಾಲೆವ್‌ಸ್ಕಿ ಅವರು ಅದರ ಪ್ರಯೋಗವನ್ನು ಪ್ರಕಟಿಸಿದರು. ಹುಳುಕಡ್ಡಿಯ ಮದ್ದಾಗಿ ಹೊರಟ ಪುಡಿಯ ಈ ಸಂತತಿಯು ಸೋರಿಯಾಸಿಸ್‌ನ ಚಿಕಿತ್ಸೆಯಲ್ಲಿ ನೆಲೆಗೊಂಡಿತು. ಗೋವೆಯ ಹೆಸರಾಗಲಿ ಬಹಿಯಾದ ಹೆಸರಾಗಲಿ ಅದರಲ್ಲಿ ಉಳಿಯಲಿಲ್ಲ.